ತೋಟಕ್ಕೆ ಬಿಟ್ಟರೆ ರಾಣಿ ಸುಖವಾಗಿರ್ತಾಳಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ ನಿಟ್ಟುವಳ್ಳಿ. ಮನೆಯಲ್ಲಿ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, ಹೆಸರು ರಾಣಿ. ನಮ್ಮ ಯಜಮಾನರು ಮರಿ ಇದ್ದಾಗ ತಂದು ಸಾಕಿದ್ದು. ಅವರು ಹೋಗಿ ಒಂದೂವರೆ ವರ್ಷ ಆಯಿತು. ನನಗೆ ಮಂಡಿ ನೋವು, ಅವಳು ಜಗ್ಗಿದರೆ ಹಿಡಿಯಲು ಆಗುವುದಿಲ್ಲ. ಮಗ ಮೇ ಕೊನೆಗೆ ನನ್ನನ್ನು ಪುಣೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಬಾಡಿಗೆ ಮನೆ, ಮಾಲೀಕರು ನಾಯಿ ಬೇಡ ಅಂದಿದ್ದಾರೆ. ಸಂತೇಬೆನ್ನೂರು ಹತ್ತಿರ ನಮ್ಮ ಮೈದುನರ ಅಡಿಕೆ ತೋಟ ಇದೆ, ಅಲ್ಲಿ ಬಿಡಿ ಅನ್ನುತ್ತಾರೆ. ಒಬ್ಬರು ಎಂಟು ಸಾವಿರ ಕೊಡ್ತೀನಿ ಅಂತ ಫೋನ್ ಮಾಡಿದ್ದರು. ಪಕ್ಕದ ಮನೆಯವರು ಕುಂದವಾಡ ಕೆರೆ ಹತ್ತಿರ ಬಿಟ್ಟು ಬನ್ನಿ, ವಾಕಿಂಗ್ ಬರೋರು ಅನ್ನ ಹಾಕ್ತಾರೆ ಅಂತಾರೆ. ರಾಣಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಲ್ಲ. ಒಮ್ಮೆ ಸಿಲಿಂಡರ್ ತಂದ ಹುಡುಗನ ಕಾಲಿಗೆ ಬಾಯಿ ಹಾಕಿದ್ದಳು, ಅವನಿಗೆ ಇಂಜೆಕ್ಷನ್ ಕೊಡಿಸಿದೆವು. ಅದನ್ನು ತಗೊಳ್ಳುವವರಿಗೆ ಹೇಳಬೇಕಾ? ದುಡ್ಡು ತಗೊಂಡರೆ ತಪ್ಪಾ? ಅವರು ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಟ್ಟರೆ ಅವರಿಗೆ ಮೋಸ ಮಾಡಿದ ಹಾಗಲ್ವಾ?

ಉತ್ತರ: ಕೆರೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ ತಾಯಿ. ಬೇಡವೇ ಬೇಡ. ರಾಣಿ ಆರು ವರ್ಷ ತಟ್ಟೆಯಲ್ಲಿ ಉಂಡವಳು, ಫ್ಯಾನ್ ಕೆಳಗೆ ಮಲಗಿದವಳು. ನಮ್ಮ ಹೊಲಕ್ಕೆ ಬದು ಇರುವ ಹಾಗೆ ಬೀದಿ ನಾಯಿಗಳಿಗೂ ಗಡಿ ಇರುತ್ತದೆ. ಹೊಸ ನಾಯಿ ಕಾಲಿಟ್ಟರೆ ಏಳೆಂಟು ಸೇರಿ ಮುತ್ತಿಕೊಳ್ಳುತ್ತವೆ. ಹಾಗೆ ಬಿಟ್ಟುಬಂದ ಸಾಕು ನಾಯಿಗಳು ನನ್ನ ಟೇಬಲ್ ಮೇಲೆ ಬಂದಿವೆ. ಯಾರೋ ಪುಣ್ಯಾತ್ಮರು ಎತ್ತಿಕೊಂಡು ತರುತ್ತಿದ್ದರು. ಕೆಲವು ಕಚ್ಚಿಸಿಕೊಂಡು, ಕೆಲವು ಗಾಡಿಗೆ ಸಿಕ್ಕಿ. ಕೊರಳಿನ ಬೆಲ್ಟಿನ ಗುರುತು ಇನ್ನೂ ಮಾಸಿರುತ್ತಿರಲಿಲ್ಲ. ಕಾನೂನಿನಲ್ಲೂ ಇದು ಅಪರಾಧ. ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ, ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಬಿಟ್ಟು ಹೋಗಬಾರದು ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲೇ ಇದೆ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆ ಕಾಲದ ಲೆಕ್ಕ ಅದು. ಇವತ್ತು ಆ ದುಡ್ಡಿಗೆ ನಮ್ಮೂರಲ್ಲಿ ಹೊಟ್ಟೆ ತುಂಬ ಬೆಣ್ಣೆ ದೋಸೆಯೂ ಬರುವುದಿಲ್ಲ. ಹಾಗಾಗಿ ದಂಡದ ಹೆದರಿಕೆ ಯಾರಿಗೂ ಇಲ್ಲ, ಬಿಟ್ಟು ಬರುವವರು ಬಿಟ್ಟು ಬರುತ್ತಲೇ ಇದ್ದಾರೆ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರಾಣಿಯನ್ನು ಕೊಡಲೇಬೇಕಾ? ಮಗನಿಗೆ ಒಂದು ಸಲ ಗಟ್ಟಿಯಾಗಿ ಕೇಳಿ ನೋಡಿದ್ದೀರಾ? ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕಬಾರದು ಅಂದರೆ ಅದಕ್ಕೆ ಉತ್ತರ ಇದೆ. ಹಾಗೆ ನಿಷೇಧ ಹಾಕುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ಬಾಡಿಗೆ ಮನೆ ಮಾಲೀಕರು ಬೇಡ ಅಂದರೆ ಅದು ಬೇರೆ ವಿಷಯ, ಅಲ್ಲಿ ಜಗಳ ಆಡಿ ಗೆಲ್ಲಲು ಆಗುವುದಿಲ್ಲ. ನಾಯಿಗೆ ಒಪ್ಪುವ ಮನೆ ಪುಣೆಯಲ್ಲಿ ಹುಡುಕಿದರೆ ಸಿಗುತ್ತದೆ, ಬಾಡಿಗೆ ಸ್ವಲ್ಪ ಜಾಸ್ತಿ ಇರಬಹುದು. ಹೋಗುವುದೂ ಕಷ್ಟವಲ್ಲ, ಕಾರಿನಲ್ಲಿ ಒಂದು ದಿನದ ದಾರಿ. ಮಗ ಇದನ್ನೆಲ್ಲ ಯೋಚಿಸಿಯೂ ಆಗಲ್ಲ ಅಂದಿದ್ದರೆ, ನಿಮ್ಮ ಮಂಡಿಯೂ ಬೇಡ ಅನ್ನುತ್ತಿದ್ದರೆ, ಸರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೂವತ್ತು ಕೆಜಿ ನಾಯಿ ಜಗ್ಗಿ ನೀವು ಬಿದ್ದರೆ ಇಬ್ಬರ ಕಥೆಯೂ ಮುಗಿಯಿತು.

ಈಗ ತೋಟದ ಮಾತು. ನನಗೆ ಬರುವ ಹತ್ತು ಪ್ರಶ್ನೆಯಲ್ಲಿ ಐದಾರರಲ್ಲಿ ಈ ತೋಟ ಇದ್ದೇ ಇರುತ್ತದೆ. "ತೋಟದಲ್ಲಿ ಆರಾಮಾಗಿ ಓಡಾಡಿಕೊಂಡು ಇರುತ್ತೆ ಬಿಡಿ ಸಾರ್." ಹೇಳುವವರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ನಮಗೆ ತೋಟ ಅಂದರೆ ನೆರಳು, ನೀರು, ತಂಪು. ನಾಯಿಗೆ ತೋಟ ಅಂದರೆ ಅಲ್ಲಿ ಯಾರಿದ್ದಾರೆ ಅನ್ನೋದು.

ನಾನು ಹೊಳಲ್ಕೆರೆ ಕಡೆ ಕೆಲಸ ಮಾಡುತ್ತಿದ್ದಾಗ ಒಬ್ಬ ಬ್ಯಾಂಕಿನವರಿಗೆ ವರ್ಗ ಆಯಿತು. ಅವರ ಜರ್ಮನ್ ಶೆಫರ್ಡ್ ನಾಯಿಯನ್ನು ಪರಿಚಯದವರ ತೋಟಕ್ಕೆ ಕೊಟ್ಟು ಹೋದರು. ತೋಟದ ಮಾಲೀಕರು ವಾರಕ್ಕೊಮ್ಮೆ ಬರೋರು. ಕಾಯುವ ಮನುಷ್ಯನಿಗೆ ನಾಯಿ ಕಂಡರೆ ಹೆದರಿಕೆ. ಪಂಪ್ ಮನೆ ಪಕ್ಕದ ಕಂಬಕ್ಕೆ ಕಟ್ಟಿದ, ದೂರದಿಂದ ಮುದ್ದೆ ಎಸೆದ. ಹತ್ತಿರ ಹೋಗಿ ಬೆಲ್ಟ್ ಸಡಿಲ ಮಾಡುವವರು ಯಾರೂ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ನನ್ನನ್ನು ಕರೆಸಿದಾಗ ಬೆಲ್ಟ್ ಕೊರಳ ಚರ್ಮದೊಳಗೆ ಇಳಿದು ಹುಳ ಬಿದ್ದಿತ್ತು. ಯಾರೂ ಕೆಟ್ಟವರಲ್ಲ ನೋಡಿ. ಕೊಟ್ಟವರು ಕೆಟ್ಟವರಲ್ಲ, ತಗೊಂಡವರೂ ಅಲ್ಲ, ಕಾಯುವವನಂತೂ ಅಲ್ಲವೇ ಅಲ್ಲ, ಪಾಪ. ಎಲ್ಲರೂ ಜಾಗ ನೋಡಿದರು, ಜನ ಯಾರು ಅಂತ ನೋಡಲಿಲ್ಲ.

ಇದರ ಎದುರಿಗೆ ಚಳ್ಳಕೆರೆ ಕಡೆಯ ಕುರಿ ಹಟ್ಟಿ ನೋಡಿ. ನೆರಳಿಲ್ಲ, ಫ್ಯಾನಿಲ್ಲ, ಮುದ್ದೆ ಮಜ್ಜಿಗೆ ಬಿಟ್ಟರೆ ಬೇರೆ ಊಟ ಇಲ್ಲ. ಆದರೆ ಅಲ್ಲಿನ ನಾಯಿಗಳ ಕಣ್ಣು ಮಿಂಚುತ್ತಿರುತ್ತದೆ. ಯಾಕೆಂದರೆ ಬೆಳಗಿಂದ ಸಂಜೆ ತನಕ ಮನುಷ್ಯರ ಜೊತೆ ಇರುತ್ತವೆ, ಮಾಡಲು ಕೆಲಸ ಇರುತ್ತದೆ. ಹಾಗಂತ ರಾಣಿಯನ್ನು ಕುರಿ ಹಟ್ಟಿಗೆ ಕೊಡಿ ಅನ್ನುತ್ತಿಲ್ಲ! ಅವು ಹುಟ್ಟಿದ್ದೇ ಅಲ್ಲಿ. ದಪ್ಪ ಕೂದಲಿನ ನಿಮ್ಮ ಲ್ಯಾಬ್ರಡಾರ್ ಏಪ್ರಿಲ್ ಬಿಸಿಲಿಗೆ ಅರ್ಧ ದಿನದಲ್ಲಿ ನಾಲಿಗೆ ಚಾಚಿ ಮಲಗಿಬಿಡುತ್ತಾಳೆ.

ಅಡಿಕೆ ತೋಟಕ್ಕೆ ಅದರದೇ ಅಪಾಯಗಳೂ ಇವೆ. ಹಂದಿ ಕಾಟಕ್ಕೆ ಕೆಲವರು ಬೇಲಿಗೆ ಕರೆಂಟ್ ಬಿಡುತ್ತಾರೆ, ಸಿಡಿಮದ್ದು ಇಡುತ್ತಾರೆ. ಎರಡೂ ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಇಲಿ ಪಾಷಾಣ, ಹಾವು, ಉಣ್ಣೆ. ಈ ಉಣ್ಣೆ, ಉಣುಗು ಅಂತೀವಲ್ಲ, ಅದರಿಂದ ಬರುವ ಜ್ವರ ಮೊದಲೇ ಗೊತ್ತಾಗದಿದ್ದರೆ ನಾಯಿಯ ರಕ್ತವನ್ನೇ ಖಾಲಿ ಮಾಡುತ್ತದೆ. ಗುಡ್ಡದ ಸೆರಗಿನ ತೋಟವಾದರೆ ಚಿರತೆಯೂ ಬರುತ್ತದೆ, ಕಟ್ಟಿ ಹಾಕಿದ ನಾಯಿ ಅದಕ್ಕೆ ಸುಲಭದ ಊಟ. ಜೋಗಿಮಟ್ಟಿ ಸುತ್ತಿನ ಹಳ್ಳಿಯವರನ್ನು ಕೇಳಿ, ಹೇಳುತ್ತಾರೆ.

ಹಾಗಾದರೆ ಮೈದುನರಿಗೆ ಬೇಡ ಅಂತಲಾ? ಹಾಗಲ್ಲ. ಅವರು ತೋಟದ ಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದಾರಾ? ರಾತ್ರಿ ಯಾರಿರುತ್ತಾರೆ? ರಾಣಿ ಮಲಗುವುದು ಮನೆ ಒಳಗಾ, ಕೊಟ್ಟಿಗೆಯಲ್ಲಾ, ಕಂಬದ ಹತ್ತಿರವಾ? ಮುಖ್ಯವಾಗಿ ಅವಳಿಗೆ ಅನ್ನ ಹಾಕುವವರು ಯಾರು? ಅವರ ಹತ್ತಿರ ನೀವೇ ಮಾತಾಡಬೇಕು. ಮೈದುನರ ಹತ್ತಿರ ಅಲ್ಲ, ಅವರ ಹೆಂಡತಿ ಹತ್ತಿರ. ನಮ್ಮ ಕಡೆ ಗಂಡಸರು ನಾಯಿ ತರುತ್ತಾರೆ, ಹೆಂಗಸರು ಸಾಕುತ್ತಾರೆ. ನಿಮ್ಮ ವಾರಗಿತ್ತಿ ಸಂತೋಷದಿಂದ ಹೂಂ ಅಂದರೆ ತೋಟ ಒಳ್ಳೆ ಮನೆಯೇ. ಅವರು "ನಿಮ್ಮ ಮೈದುನರು ಹೇಳಿದ್ರಲ್ಲ, ಬಿಡಿ" ಅಂದರೆ ಅದು ಒಪ್ಪಿಗೆ ಅಲ್ಲ.

ಎಂಟು ಸಾವಿರದವರ ವಿಷಯಕ್ಕೆ ಬರೋಣ. ನಾಡು ನಾಯಿ ಕೊಡುವವರ ಕಷ್ಟ ಬೇರೆ, ಅದನ್ನು ಕೇಳುವವರೇ ಇಲ್ಲ. ಆರೋಗ್ಯದಲ್ಲಿ ಲ್ಯಾಬ್ರಡಾರ್‌ಗಿಂತ ಗಟ್ಟಿ ಇದ್ದರೂ ಕೇಳಲ್ಲ, ಅದು ನನ್ನ ಹಳೇ ಸಂಕಟ, ಇರಲಿ. ನಿಮ್ಮ ಕಷ್ಟ ಏನೆಂದರೆ ಕೇಳುವವರು ಜಾಸ್ತಿ. ಆರು ವರ್ಷದ, ಆಪರೇಷನ್ ಆಗದ ಹೆಣ್ಣು ಲ್ಯಾಬ್ರಡಾರ್‌ಗೆ ಯಾರಾದರೂ ಎಂಟು ಸಾವಿರ ಯಾಕೆ ಕೊಡುತ್ತಾರೆ? ಈ ಜಾತಿ ಒಂದು ಸೂಲಿಗೆ ಆರೇಳು ಮರಿ ಹಾಕುವುದು ಮಾಮೂಲು. ಬಸಿರು ಸುಮಾರು 63 ದಿನ. ಎರಡೋ ಮೂರೋ ಮರಿ ಮಾರಿದರೆ ಅಸಲು ಬಂತು, ಮಿಕ್ಕಿದ್ದೆಲ್ಲ ಲಾಭ. ಆರು ವರ್ಷಕ್ಕೆ ಮೊದಲ ಹೆರಿಗೆ ಅಂದರೆ ನಾಯಿಗೂ ಕಷ್ಟವೇ. ಮರಿ ಅಡ್ಡ ಸಿಕ್ಕಿಕೊಂಡು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದ ಎಷ್ಟೋ ಜನ ನನಗೆ ನೆನಪಿದ್ದಾರೆ. ಎರಡು ಸೂಲು ಮುಗಿದ ಮೇಲೆ ಆ ನಾಯಿ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಯಾರೂ ಹೇಳುವುದಿಲ್ಲ.

ಫೋನ್ ಮಾಡಿದವರು ಅಂಥವರೇ ಅಂತ ನಾನು ಹೇಳಲಾರೆ. ತಿಳಿಯಲು ಸುಲಭ ದಾರಿ ಇದೆ. "ಆಪರೇಷನ್ ಮಾಡಿಸಿಯೇ ಕೊಡುವುದು, ದುಡ್ಡು ಬೇಡ" ಅನ್ನಿ. ಪ್ರೀತಿಗೆ ಕೇಳಿದವರಾದರೆ ಖುಷಿಪಡುತ್ತಾರೆ. ಇಲ್ಲದಿದ್ದರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಫೋನ್ ಇಡುತ್ತಾರೆ, ಆಮೇಲೆ ಸುದ್ದಿ ಇರುವುದಿಲ್ಲ. ದುಡ್ಡು ತಗೊಳ್ಳುವುದು ಪಾಪ ಅಂತ ನಾನು ಹೇಳುವುದಿಲ್ಲ, ಪಾಪ ಪುಣ್ಯ ನನ್ನ ಇಲಾಖೆ ಅಲ್ಲ. ಆದರೆ ದುಡ್ಡು ಕೊಟ್ಟವರಿಗೆ "ನಾನು ಕೊಂಡಿದ್ದೀನಿ, ಏನಾದರೂ ಮಾಡ್ತೀನಿ" ಅನ್ನುವ ಧೈರ್ಯ ಬರುತ್ತದೆ. ಆಮೇಲೆ ನೀವು ಹೇಗಿದ್ದಾಳೆ ಅಂತ ಕೇಳುವುದೂ ಕಷ್ಟ.

ಆಪರೇಷನ್ ನೀವು ಹೋಗುವ ಮೊದಲೇ, ನಿಮ್ಮ ಮನೆಯಲ್ಲಿದ್ದಾಗಲೇ ಆಗಲಿ. ಇದು ಬರೀ ಮರಿ ತಡೆಯುವ ಮಾತಲ್ಲ. ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾಗುತ್ತ ಹೋದ ಹಾಗೆ, ಬೆದೆ ಮುಗಿದ ಕೆಲವು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ಜಾಸ್ತಿ ನೀರು ಕುಡಿಯುವುದು, ಊಟ ಬಿಡುವುದು, ಹಿಂದಿನಿಂದ ವಾಸನೆಯ ಕೀವು ಸೋರುವುದು ಇದರ ಗುರುತು. ಹೊಸ ಮನೆಯವರಿಗೆ ಇದು ತಿಳಿಯುವಷ್ಟರಲ್ಲಿ ಕೈ ಮೀರಿರುತ್ತದೆ. ಬೆದೆಯಲ್ಲಿ ಇರುವಾಗ ಆಪರೇಷನ್ ಮಾಡುವುದಿಲ್ಲ, ರಕ್ತ ಜಾಸ್ತಿ ಹೋಗುತ್ತದೆ. ಬೆದೆ ಮುಗಿದು ಎರಡು ಮೂರು ತಿಂಗಳ ಮೇಲೆ ಮಾಡಿದರೆ ಒಳ್ಳೆಯದು. ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ, ಉಣ್ಣೆ ಜ್ವರ ಇದ್ದರೆ ಗೊತ್ತಾಗಲಿ. ಹೊಲಿಗೆ ಬಿಚ್ಚಲು ಹತ್ತು ಹನ್ನೆರಡು ದಿನ ಬೇಕು, ಅಲ್ಲಿಯವರೆಗೆ ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಬೇಕು. ದಾವಣಗೆರೆಯ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿ ಕ್ಲಿನಿಕ್‌ಗಳೂ ಇವೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೊನ್ನಾಳಿ ಮೇಲೆ ಹೋದರೆ ಎರಡು ಗಂಟೆ ದಾರಿ.

ಹುಡುಕುವುದು ಎಲ್ಲಿ? ವಾಟ್ಸಾಪ್‌ನಲ್ಲಿ ಹಾಕುವ ಮೊದಲು ರಾಣಿಯ ಪರಿಚಯ ಇರುವವರನ್ನೇ ಕೇಳಿ. ಹಾಲಿನವರು, ನಿಮ್ಮ ಯಜಮಾನರ ಜೊತೆ ವಾಕಿಂಗ್ ಬರುತ್ತಿದ್ದವರು, ರಾಣಿ ಕಂಡರೆ ನಿಂತು ತಲೆ ಸವರುತ್ತಿದ್ದವರು. ಆಮೇಲೆ ನಿಮ್ಮ ನಾಯಿ ಡಾಕ್ಟರನ್ನು ಒಂದು ಮಾತು ಕೇಳಿ: "ಈ ವರ್ಷ ಯಾರ ಮನೆಯಲ್ಲಿ ವಯಸ್ಸಾದ ನಾಯಿ ತೀರಿಕೊಂಡಿದೆ?" ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆ ಮನೆ ಸಿಗುವುದಿಲ್ಲ. ಹದಿಮೂರು ವರ್ಷ ಒಂದು ನಾಯಿಯನ್ನು ಕೊನೆತನಕ ನೋಡಿಕೊಂಡವರಿಗೆ ಖರ್ಚು, ಕೂದಲು, ವಾಂತಿ, ಊರಿಗೆ ಹೋಗಲು ಆಗದಿರುವುದು ಎಲ್ಲ ಗೊತ್ತಿರುತ್ತದೆ. ಅಂಥವರು ಮತ್ತೆ ಮರಿ ಸಾಕಲು ಹಿಂಜರಿಯುತ್ತಾರೆ. ನಮ್ಮ ವಯಸ್ಸಿಗೆ ಮರಿ ತಂದರೆ ಅದು ನಮಗಿಂತ ಹೆಚ್ಚು ಬದುಕುತ್ತಲ್ಲ ಅನ್ನೋ ಚಿಂತೆ. ಆರು ವರ್ಷದ, ಮನೆ ಮಾತು ಕೇಳುವ ನಾಯಿ ಅವರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಎಂ.ಸಿ.ಸಿ. ಬಿ ಬ್ಲಾಕಿನ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಗೆ ನಾನು ಹೀಗೇ ಒಂದು ನಾಯಿ ಸೇರಿಸಿದ್ದೆ. ಮೇಷ್ಟ್ರು ಮೊದಲು ಮೂರು ಸಲ ಬೇಡ ಅಂದರು. ನಾಲ್ಕನೇ ಸಲ ಅವರೇ ಆಟೋ ತಂದರು.

ವಾಟ್ಸಾಪ್‌ನಲ್ಲಿ ಹಾಕುವುದಾದರೆ ಮಗನ ಕೈಲಿ ಹೀಗೆ ಬರೆಸಿ: "ರಾಣಿ, ಆರು ವರ್ಷದ ಹೆಣ್ಣು ಲ್ಯಾಬ್ರಡಾರ್. ಆಪರೇಷನ್ ಆಗಿದೆ, ಲಸಿಕೆ ಪುಸ್ತಕ ಇದೆ. ಮನೆಯವರ ಜೊತೆ ಸಾಧು. ಹೊಸ ಗಂಡಸರು ಒಮ್ಮೆಲೇ ಗೇಟು ತೆಗೆದು ಬಂದರೆ ಹೆದರುತ್ತಾಳೆ, ಒಮ್ಮೆ ಬಾಯಿ ಹಾಕಿದ್ದಾಳೆ. ಹಗ್ಗ ಜಗ್ಗುತ್ತಾಳೆ. ಒಂಟಿ ಬಿಟ್ಟರೆ ಕೂಗುತ್ತಾಳೆ. ಮನೆ ನೋಡಿ ಕೊಡುತ್ತೇವೆ, ದುಡ್ಡು ಬೇಡ." ಫೋನ್ ನಂಬರ್ ಮಗನದೇ ಇರಲಿ. ನೀವು ಒಬ್ಬರೇ ಇರುವ ಮನೆ, ವಿಳಾಸ ಎಲ್ಲೂ ಹಾಕಬೇಡಿ.

ಹೌದು, ಕಚ್ಚಿದ್ದನ್ನು ಹೇಳಲೇಬೇಕು. ಮುಚ್ಚಿಟ್ಟರೆ ಯಾರಿಗೆ ಮೋಸ ಅಂದರೆ ಮೊದಲು ರಾಣಿಗೆ. ಗೊತ್ತಿಲ್ಲದೆ ತಗೊಂಡವರ ಮನೆಯಲ್ಲಿ ಎರಡನೇ ಸಲ ಹಾಗಾದರೆ ಅವಳು ಸೀದಾ ಬೀದಿಗೆ. ಹೇಳುವಾಗ ಏನಾಯಿತು ಅಂತ ಪೂರ್ತಿ ಹೇಳಿ. ಸಿಲಿಂಡರ್ ಸದ್ದು, ಹೊಸ ಮನುಷ್ಯ, ಅವಳು ಬಾಗಿಲಲ್ಲೇ ಇದ್ದಳು, ಹೀಗೆ ಏನಿತ್ತೋ ಅದು. ಕೇಳಿದ ಮೇಲೂ "ಗೇಟಿಗೆ ಚಿಲಕ ಹಾಕಿಕೊಳ್ತೀವಿ ಬಿಡಿ" ಅನ್ನುವವರು ನಿಮಗೆ ಬೇಕಾದವರು. ನಾಲ್ಕೈದು ವರ್ಷದ ಮಕ್ಕಳಿರುವ ಮನೆಗೆ ಮಾತ್ರ ಕೊಡಬೇಡಿ.

ಬಂದವರನ್ನು ಏನೇನು ಕೇಳಬೇಕು ಅಂತ ದೊಡ್ಡ ಪಟ್ಟಿ ಕೊಡುವವರಿದ್ದಾರೆ. ಸ್ವಂತ ಮನೆಯಾ, ಹತ್ತರಿಂದ ಐದು ಗಂಟೆ ತನಕ ಮನೆಯಲ್ಲಿ ಯಾರಿರುತ್ತಾರೆ, ಮದುವೆ ಮುಂಜಿಗೆ ಊರಿಗೆ ಹೋದರೆ ನಾಯಿಗೆ ಯಾರು. ಇವೆಲ್ಲ ಸರಿ. ನನ್ನ ಪ್ರಶ್ನೆ ಒಂದೇ: "ಮುಂಚೆ ಸಾಕಿದ ನಾಯಿ ಏನಾಯಿತು?" ಉತ್ತರ ಕೊಡುವಾಗ ಅವರ ಮುಖ ನೋಡಿ. ಹೆಸರು ಹೇಳಿ, ಯಾವ ಕಾಯಿಲೆ, ಯಾವ ಡಾಕ್ಟ್ರು, ಎಲ್ಲಿ ಮಣ್ಣು ಮಾಡಿದರು ಅಂತ ಹೇಳಿದರೆ ಮಾತು ಮುಂದುವರಿಸಿ. "ಒಂದು ಗಾಡಿಗೆ ಸಿಕ್ತು, ಇನ್ನೊಂದು ಎಲ್ಲೋ ಹೋಯ್ತು" ಅಂದರೆ ಕಾಫಿ ಕೊಟ್ಟು ಕಳಿಸಿ. ಮೊದಲ ಸಲ ಸಾಕುವವರು ಬೇಡ ಅಂತಲ್ಲ, ಅವರ ಮನೆಗೆ ಎರಡು ಸಲ ಹೋಗಿ ನೋಡಿ ಅಷ್ಟೇ. ಹೇಳದೆ ಹೋದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಒಬ್ಬರು ಮುಖ ಗಂಟು ಹಾಕಿಕೊಂಡಿದ್ದರೂ ಆ ಮನೆ ಬೇಡ.

ಮನೆ ಒಪ್ಪಿಗೆಯಾಯಿತು ಅನ್ನಿ. ಒಮ್ಮೆಲೇ ಬಿಟ್ಟು ಬರಬೇಡಿ. ಎರಡು ಮೂರು ಸಲ ಜೊತೆಗೆ ಹೋಗಿ, ಕಾಲು ಗಂಟೆ ಅರ್ಧ ಗಂಟೆ ಕೂತು ವಾಪಸ್ ಬನ್ನಿ. ಆಮೇಲೆ ಹದಿನೈದು ದಿನ ನೋಡೋಣ ಅಂತ ಬಿಡಿ. ಹೊಂದದಿದ್ದರೆ ವಾಪಸ್ ತರಲು ನೀವು ಊರಲ್ಲಿರಬೇಕು. ಅದಕ್ಕೇ ಮೇ ಕೊನೆ ವಾರದ ತನಕ ಕಾಯಬೇಡಿ, ಮೊದಲ ವಾರವೇ ಕಳಿಸಿ. ಬಿಸಿಲು ಕಾಲ, ಬೆಳಗ್ಗೆ ಏಳರೊಳಗೆ ಕರೆದುಕೊಂಡು ಹೋಗಿ.

ನಮ್ಮ ಕಡೆ ಕೆಲವರು ಎತ್ತು ಮಾರಿದರೆ ಹಗ್ಗ ಬಿಚ್ಚಿಕೊಂಡು ಬರುತ್ತಾರೆ. ನಾಯಿಗೆ ಹಾಗೆ ಮಾಡಬೇಡಿ, ಹಗ್ಗ ಬೆಲ್ಟ್ ಎಲ್ಲ ಜೊತೆಗೇ ಹೋಗಲಿ. ಅವಳ ತಟ್ಟೆ, ಒಗೆಯದ ಹಳೇ ಹೊದಿಕೆ, ಹತ್ತು ದಿನದ ಊಟ, ಲಸಿಕೆ ಪುಸ್ತಕ. ಈ ವರ್ಷದ ರೇಬೀಸ್ ಲಸಿಕೆ ಹಾಕಿಸಿದ್ದು ಪುಸ್ತಕದಲ್ಲಿ ಇರಲಿ. ಜೊತೆಗೆ ಒಂದು ಹಾಳೆಯಲ್ಲಿ ಅವಳ ಅಭ್ಯಾಸ ಬರೆಯಿರಿ. ನೀವು "ಕೂತ್ಕೋ" ಅನ್ನುತ್ತೀರಿ, ಅವರು "ಸಿಟ್" ಅಂದರೆ ಅವಳಿಗೇನು ಗೊತ್ತು? ನಿಮ್ಮದು ಅನ್ನ ಮೊಸರಿನ ಮನೆಯಾಗಿದ್ದು ಅವರು ಮೊದಲ ದಿನವೇ ಕೋಳಿ ಹಾಕಿದರೆ ಬೇಧಿ ಗ್ಯಾರಂಟಿ. ಹಳೇ ಊಟಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತ ಏಳೆಂಟು ದಿನ ತಗೊಳ್ಳಲಿ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ, ಬೇಯಿಸಿದ ಮೂಳೆ ಬೇಡ ಅಂತಲೂ ಬರೆಯಿರಿ. ಯಜಮಾನರು ಭಾನುವಾರ ದೋಸೆ ತಿನ್ನಿಸುತ್ತಿದ್ದರೆ ಅದನ್ನೂ ಬರೆಯಿರಿ, ಬೆಣ್ಣೆ ಬೇಡ ಅಂತ ಸೇರಿಸಿ.

ಮೊದಲ ಮೂರು ದಿನ ಅವಳು ಮೂಲೆ ಹಿಡಿಯಬಹುದು, ಊಟ ಬಿಡಬಹುದು. ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತದೆ. ಇದು ನಮ್ಮ ಮನೆ ಅನ್ನಿಸಲು ಮೂರು ತಿಂಗಳು ಬೇಕಾಗುತ್ತದೆ. ಗಡಿಯಾರ ಇಟ್ಟ ಹಾಗೆ ಅಲ್ಲ, ಅಂದಾಜು. ಆ ಮೊದಲ ಮೂರು ವಾರ ನೀವು ನೋಡಲು ಹೋಗಬೇಡಿ, ಫೋನಿನಲ್ಲಿ ಫೋಟೋ ಕೇಳಿ. ಹೋದರೆ ಅವಳು ನಿಮ್ಮ ಹಿಂದೆ ಬರಲು ಗೇಟು ಹಾರುತ್ತಾಳೆ. ಅದೇ ಕಾರಣಕ್ಕೆ ಅಷ್ಟು ದಿನ ಹಗ್ಗ ಇಲ್ಲದೆ ಹೊರಗೆ ಬಿಡಬಾರದು ಅಂತ ಅವರಿಗೆ ಹೇಳಿ. ಊರೊಳಗಿನ ಮನೆಯಾದರೆ ನಿಟ್ಟುವಳ್ಳಿಗೆ ದಾರಿ ಹುಡುಕಿಕೊಂಡು ಹೊರಟುಬಿಡುತ್ತಾಳೆ, ನಡುವೆ ಎಷ್ಟು ರಸ್ತೆ ದಾಟಬೇಕು ಯೋಚಿಸಿ. ಬೆಲ್ಟಿನ ಮೇಲೆ ಹೊಸ ಮನೆಯವರ ಫೋನ್ ನಂಬರ್ ಬರೆಸಿ. ಒಂದು ಬಿಳಿ ಹಾಳೆಯಲ್ಲಿ ತಾರೀಖು, ಇಬ್ಬರ ಸಹಿ, "ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ನಮಗೆ ತಿಳಿಸುತ್ತೇವೆ" ಅನ್ನುವ ಒಂದು ಸಾಲು ಸಾಕು.

ಯಜಮಾನರಿಗೆ ಮೋಸವಾ ಅಂತ ಕೇಳಿದ್ದೀರಿ. ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ ತಾಯಿ. ಇಷ್ಟು ಮಾತ್ರ ಹೇಳಬಲ್ಲೆ: ಅವರು ಹೋದ ಮೇಲೆ ಒಂದೂವರೆ ವರ್ಷ, ಆ ಮಂಡಿ ಇಟ್ಟುಕೊಂಡು ನೀವು ಅವಳಿಗೆ ಅನ್ನ ಹಾಕಿದ್ದೀರಿ. ಸುಮ್ನೆ ಯಾರಿಗೋ ಕೊಟ್ಟು ಕೈ ತೊಳೆದುಕೊಳ್ಳದೆ ಎರಡೂವರೆ ತಿಂಗಳು ಮುಂಚೆ ಕೇಳುತ್ತಿದ್ದೀರಿ. ನನ್ನ ಕೆಲಸದಲ್ಲಿ ಹೊರಡುವ ಹಿಂದಿನ ದಿನ ಬಂದು "ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ" ಅಂದವರನ್ನೂ ನೋಡಿದ್ದೇನೆ. ಆರೋಗ್ಯವಾಗಿದ್ದ ನಾಯಿಗಳು. ನಾನು ಕೊಟ್ಟಿಲ್ಲ.

ಮೇ ಮಧ್ಯದ ತನಕ ಯಾರೂ ಸಿಗದಿದ್ದರೆ? ನಾಯಿಗಳನ್ನು ದಿನದ ಲೆಕ್ಕದಲ್ಲಿ ಇಟ್ಟುಕೊಳ್ಳುವವರ ಹತ್ತಿರ ಒಂದು ತಿಂಗಳು ಬಿಡಿ, ಮಗ ಅದರ ಖರ್ಚು ಕೊಡಲಿ, ಹುಡುಕುವುದು ಮುಂದುವರಿಯಲಿ. ಬಿಡುವ ಮೊದಲು ಜಾಗ ಹೋಗಿ ನೋಡಿ. ಅಥವಾ ವಾರಗಿತ್ತಿ ಒಪ್ಪಿದ್ದರೆ ಒಂದು ತಿಂಗಳ ಮಟ್ಟಿಗೆ ತೋಟದ ಮನೆ. ಈಗ ಎದ್ದು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ರಾಣಿ ಕೊನೆಯ ಸಲ ಯಾವಾಗ ಬೆದೆಗೆ ಬಂದಿದ್ದಳು ಅಂತ ಲೆಕ್ಕ ಹಾಕಿ, ಆ ತಾರೀಖು ಇಟ್ಟುಕೊಂಡು ನಾಳೆ ಪಶು ಆಸ್ಪತ್ರೆಗೆ ಹೋಗಿ. ಮಿಕ್ಕಿದ್ದೆಲ್ಲ ಆ ತಾರೀಖಿನ ಮೇಲೆ ನಿಂತಿದೆ.